ಕಾಯಿ ರೇಟು ಏರಿದಾಗ ನಮ್ಮ ಶಾಲೆ ಕ್ಯಾಂಟೀನಿನಲ್ಲಿ

ನಮ್ಮದು ತಿಪಟೂರು ಕಡೆಯ ಒಂದು ಹೋಬಳಿ ಊರು. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಎರಡನೇ ಪಿಯುಸಿ ತನಕ ಎಲ್ಲ ಒಂದೇ ಕಾಂಪೌಂಡಿನೊಳಗಿದೆ. ಹತ್ತನೇ ಕ್ಲಾಸ್ ತನಕದ ಮಕ್ಕಳಿಗೆ ಅಕ್ಷರ ದಾಸೋಹದ ಬಿಸಿಯೂಟ ಇದೆ, ಹಾಲಿದೆ, ಮೊಟ್ಟೆ ಇದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಪಕ್ಕದ ಕಟ್ಟಡಕ್ಕೆ ಹೋದ ಮಕ್ಕಳಿಗೆ ಇದ್ಯಾವುದೂ ಇಲ್ಲ. ಹದಿನಾರು ಹದಿನೇಳು ಅಂದರೆ ಎಷ್ಟು ತಿಂದರೂ ಸಾಲದ ವಯಸ್ಸು ಅಲ್ವಾ? ಸುತ್ತಲ ಹಳ್ಳಿಗಳಿಂದ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡುತ್ತಾರೆ, ಆ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಇನ್ನೂ ತಿಂಡಿ ಆಗಿರಲ್ಲ. ಮಧ್ಯಾಹ್ನ ಗೇಟಿನಾಚೆ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಚಿಪ್ಸ್ ತಿಂದು, ನಲ್ಲಿ ನೀರು ಕುಡಿದು, ಸಂಜೆ ಐದರ ತನಕ ಹಾಗೇ ಕೂತಿರುತ್ತಿದ್ದರು.

ಅದನ್ನು ನೋಡಲಾಗದೆ ನಮ್ಮ ಸಂಘದ ಹೆಂಗಸರು ಸೇರಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರನ್ನು ಕೇಳಿ ಹಳೇ ಸೈಕಲ್ ಸ್ಟ್ಯಾಂಡ್ ಜಾಗದಲ್ಲಿ ಕ್ಯಾಂಟೀನ್ ಶುರು ಮಾಡಿದೆವು. ಸಂಘದ ಉಳಿತಾಯದಿಂದ ಸ್ವಲ್ಪ ಸಾಲ ತೆಗೆದೆವು, ದೊಡ್ಡ ಪಾತ್ರೆಗಳನ್ನು ಊರಿನವರು ಕೊಟ್ಟರು, ಆಹಾರ ಸುರಕ್ಷತೆಯ ನೋಂದಣಿಯನ್ನು ಒಬ್ಬ ಉಪನ್ಯಾಸಕರು ಆನ್‌ಲೈನಿನಲ್ಲಿ ಮಾಡಿಸಿಕೊಟ್ಟರು. ಶಾಲೆ ಕ್ಯಾಂಟೀನಿನಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿ ಮಾರಬಾರದು, ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಅಂತ 2020ರಲ್ಲೇ ನಿಯಮ ಬಂದಿದೆ ಅಂತ ನಮಗೆ ಗೊತ್ತಾಗಿದ್ದು ಆಗಲೇ.

ಮಾಡೋದು ಮನೆ ಅಡುಗೆಯೇ. ಬೆಳಿಗ್ಗೆ ಇಂಟರ್‌ವಲ್‌ಗೆ ರಾಗಿ ರೊಟ್ಟಿ ಚಟ್ನಿ 15 ರೂಪಾಯಿ, ಹೆಸರುಕಾಳು ಉಸ್ಲಿ 10. ಮಧ್ಯಾಹ್ನ ಮುದ್ದೆ, ಸೊಪ್ಪಿನ ಬಸ್ಸಾರು ಅಥವಾ ಹುರುಳಿಕಾಳು ಸಾರು, ಸ್ವಲ್ಪ ಅನ್ನ, ಮಜ್ಜಿಗೆ, ಎಲ್ಲ ಸೇರಿ 25. ಮುದ್ದೆ ಒಂದೇ ಸಾಕು ಅಂದರೆ 15. ರಾಗಿ, ಹುರುಳಿ ಎರಡೂ ಊರಿನ ಹೊಲದ್ದೇ. ಸೊಪ್ಪು ತರುವ ಅಕ್ಕ ಬೆಳಿಗ್ಗೆ ಕೊಯ್ದಿದ್ದನ್ನು ಹತ್ತು ಗಂಟೆಯೊಳಗೆ ತಂದು ಹಾಕುತ್ತಾಳೆ.

ಇಂಟರ್‌ವಲ್ ಅನ್ನೋದು ಹದಿನೈದೇ ನಿಮಿಷ. ತಟ್ಟೆ ಹಿಡಿದು ಕೂರೋಕೆ ಆಗಲ್ಲ. ಹಾಗಾಗಿ ರೊಟ್ಟಿಯನ್ನು ಅಂಗೈ ಅಗಲಕ್ಕೆ ತಟ್ಟುತ್ತೇವೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೈತುಂಬ ನುಗ್ಗೆಸೊಪ್ಪು ಹಾಕಿ ಬಿಸಿನೀರಲ್ಲಿ ಕಲಸಿದ ಹಿಟ್ಟು. ಕಾವಲಿ ಮೇಲೆ ನಡುವೆ ಬೆರಳಲ್ಲಿ ಒಂದು ತೂತು ಮಾಡಿ ಅಲ್ಲಿಗೆ ನಾಲ್ಕು ಹನಿ ಎಣ್ಣೆ. ಅಂಚು ಗರಿಗರಿ ಆದ ಮೇಲೆ ಚಟ್ನಿ ಸವರಿ ಮಡಚಿ ಬಾಳೆಎಲೆ ತುಂಡಲ್ಲಿ ಸುತ್ತಿ ಕೈಗೆ ಕೊಟ್ಟುಬಿಡೋದು. ನುಗ್ಗೆಸೊಪ್ಪು ಅಂದರೆ ಮೂಗು ಮುರಿಯುತ್ತಿದ್ದ ಹುಡುಗರು ಇದನ್ನು ಎರಡೆರಡು ತಗೊಂಡು ಓಡುತ್ತಾರೆ. ಇಷ್ಟು ದಿನದಲ್ಲಿ ನಾನು ಕಂಡ ಹಾಗೆ, ಒಳ್ಳೇದು ತಿನ್ನಿ ಅಂತ ಮಕ್ಕಳಿಗೆ ಭಾಷಣ ಮಾಡೋದೇ ಬೇಕಿಲ್ಲ. ಬಿಸಿ ಇರಬೇಕು, ಬೇಗ ಸಿಗಬೇಕು, ಜೇಬಲ್ಲಿರೋ ದುಡ್ಡಿಗೆ ಆಗಬೇಕು.

ಈ ಮೂರನೆಯದಕ್ಕೇ ಪೆಟ್ಟು ಬಿದ್ದಿದ್ದು 2025ರ ಮಳೆಗಾಲದಲ್ಲಿ. ತೆಂಗಿನಕಾಯಿ ರೇಟು ಏರತೊಡಗಿತು. ಕಾರಣ 2023ರ ಬರ, ಅದರ ಜೊತೆಗೆ ತೆಂಗಿಗೆ ಬಿದ್ದ ಬಿಳಿ ನೊಣ, ಕಪ್ಪುತಲೆ ಹುಳ. ತೆಂಗಿಗೆ ಬರದ ಪೆಟ್ಟು ಆ ವರ್ಷವೇ ಕಾಣಲ್ಲ, ವರ್ಷ ಒಂದೂವರೆ ವರ್ಷ ಆದ ಮೇಲೆ ಗೊನೆಯಲ್ಲಿ ಕಾಣುತ್ತದೆ. ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್ ಕೊಬ್ಬರಿ 25 ಸಾವಿರ ದಾಟಿತು. ತೋಟ ಇದ್ದವರಿಗೆ ಎಷ್ಟೋ ವರ್ಷಗಳ ಮೇಲೆ ಕೈಗೆ ನಾಲ್ಕು ಕಾಸು ಬಂದ ಕಾಲ ಅದು, ಅವರಿಗೆ ಒಳ್ಳೇದಾಗಲಿ ಅಂತಲೇ ನಮಗೂ ಅನಿಸಿತ್ತು. ಆದರೆ ನಮಗೆ ದಿನಾ ಚಟ್ನಿಗೆ, ಸಾರಿನ ಮಸಾಲೆಗೆ ಸೇರಿ ಹನ್ನೆರಡು ಕಾಯಿ ಬೇಕು. ಹದಿನೈದು ಹದಿನೆಂಟಕ್ಕೆ ಸಿಗುತ್ತಿದ್ದ ಕಾಯಿ ಮೂವತ್ತೈದು ನಲವತ್ತಕ್ಕೆ ಹೋಯಿತು. ತಿಂಗಳ ಕೊನೆಗೆ ಪುಸ್ತಕ ತೆಗೆದರೆ ಅಡುಗೆಯವರ ಸಂಬಳಕ್ಕೆ ಇಟ್ಟ ದುಡ್ಡಿಗೇ ಕೈ ಹಾಕಬೇಕಾದ ಸ್ಥಿತಿ. ಪುಸ್ತಕ ಬರೆಯೋದು ನಾನೇ, ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಶನಿವಾರ ಕ್ಲಾಸ್ ಬಿಟ್ಟ ಮೇಲೆ ಮೀಟಿಂಗ್ ಕರೆದೆವು. ಸಂಘದವರು, ಎಸ್‌ಡಿಎಂಸಿಯವರು, ಒಂದಷ್ಟು ಜನ ತಂದೆ ತಾಯಂದಿರು. ಅಡುಗೆಮನೆ ಮುಂದೆಯೇ ಚಾಪೆ ಹಾಸಿ ಕೂತೆವು. ಲೆಕ್ಕ ಓದಿ ಮುಗಿಸುತ್ತಿದ್ದ ಹಾಗೇ ತೋಟದವರೊಬ್ಬರು, "ಪ್ಲೇಟಿಗೆ ಐದು ರೂಪಾಯಿ ಜಾಸ್ತಿ ಮಾಡ್ರಮ್ಮ, ಯಾರು ಬ್ಯಾಡ ಅಂತಾರೆ" ಅಂದರು. ಹೇಳಿದ್ದು ಒಳ್ಳೇ ಮನಸ್ಸಿನಿಂದಲೇ. ಒಂದಿಬ್ಬರು ತಲೆಯಾಡಿಸಿದರು ಕೂಡ.

ಆಗ ನಮ್ಮಲ್ಲಿ ಮುದ್ದೆ ತೊಳಸುವ ದೊಡ್ಡಮ್ಮ ಎದ್ದು ನಿಂತರು. ಅವರು ಮೀಟಿಂಗಿನಲ್ಲಿ ಬಾಯಿ ಬಿಡೋದೇ ಅಪರೂಪ. "ತ್ವಾಟ ಇರೋರ್ಗೆ ಐದ್ರುಪಾಯಿ ಯಾವ ಲೆಕ್ಕ ಕಣಪ್ಪ. ಇಲ್ಲಿ ದಿನಾ ಒಂದು ಮಗ ಬತ್ತೈತೆ, ಅರ್ಧ ಮುದ್ದೆ ಕೊಡಿ ಅಂತೈತೆ. ಅದಕ್ಕೆ ಹಸಿವು ಅರ್ಧ ಇರಾಕಿಲ್ಲ, ದುಡ್ಡು ಅರ್ಧ ಇರ್ತೈತೆ. ನೀವು ಐದು ಏರಿಸಿದ್ರೆ ಅದು ಇತ್ಲಾಗೆ ಬರಾದೇ ನಿಲ್ಲಿಸ್ತೈತೆ" ಅಂದರು.

ಆ ಹುಡುಗಿ ಯಾರು ಅಂತ ನನಗೂ ಗೊತ್ತು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಕೇಳಲ್ಲ, ಹಾಗಾಗಿ ಮನೆಯಲ್ಲಿ ಅವಳ ಕೈಗೆ ದುಡ್ಡೇ ಕೊಡೋದಿಲ್ಲ. ಅಜ್ಜಿ ಸೆರಗಿನ ಗಂಟಿನಿಂದ ತೆಗೆದು ಕೊಡೋ ಏಳೆಂಟು ರೂಪಾಯಿಯೇ ಗತಿ. ಅರ್ಧ ಮುದ್ದೆ ಕೇಳಿದವರಿಗೆ ದೊಡ್ಡಮ್ಮ ಹಾಕುವ ಅರ್ಧ ಎಷ್ಟು ದೊಡ್ಡದಿರುತ್ತದೆ ಅಂತ ನೋಡಿದವರಿಗೇ ಗೊತ್ತು, ಲೆಕ್ಕ ಬರೆಯೋಳಾಗಿ ನಾನು ಅದನ್ನು ಯಾವತ್ತೂ ಕೇಳಿಲ್ಲ, ಕೇಳೋದೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ. ಪ್ರಾರ್ಥನೆ ಹೊತ್ತಲ್ಲಿ ತಲೆ ಸುತ್ತಿ ಕೂತುಬಿಡುವ ಹುಡುಗಿಯರು ನಮ್ಮಲ್ಲೂ ಇದ್ದಾರೆ. ಅದಕ್ಕೇ ಬಸ್ಸಾರಿನ ಪಲ್ಯದ ಮೇಲೆ ನಿಂಬೆಹುಳಿ ಹಿಂಡೇ ಕೊಡುತ್ತೇವೆ, ಸೊಪ್ಪು ಕಾಳಿನಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಹುಳಿ ಬೇಕು. ಊಟದ ಜೊತೆ ಟೀ ಕುಡಿದರೆ ಅದು ಹತ್ತೋದು ಕಮ್ಮಿಯಾಗುತ್ತದೆ ಅಂತ ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿದ ಮೇಲೆ ಮಧ್ಯಾಹ್ನ ಟೀ ಮಾರೋದನ್ನೇ ನಿಲ್ಲಿಸಿದೆವು. ಟೀಯಲ್ಲೇ ಲಾಭ ಇತ್ತು, ಹೋದರೆ ಹೋಗಲಿ.

ದೊಡ್ಡಮ್ಮನ ಮಾತಾದ ಮೇಲೆ ರೇಟಿನ ಸುದ್ದಿ ಯಾರೂ ಎತ್ತಲಿಲ್ಲ. ಐದು ರೂಪಾಯಿ ಏರಿಸಿ ಅಂದಿದ್ದವರೇ ಸ್ವಲ್ಪ ಹೊತ್ತು ನೆಲ ನೋಡುತ್ತಾ ಕೂತಿದ್ದು, "ವಾರಕ್ಕೆ ಹತ್ತು ಕಾಯಿ ನಂದು. ಸುಲಿದೇ ಕಳಿಸ್ತೀನಿ" ಅಂದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಐದು ನಂದು, ಎರಡು ನಂದು ಅಂತ ಬರೆಸಿದರು. ತೋಟ ಇಲ್ಲದ ಒಬ್ಬ ತಾಯಿ, ಕಾಯಿ ಕೊಡೋಕೆ ಆಗಲ್ಲ, ವಾರಕ್ಕೊಂದು ದಿನ ಬಂದು ರೊಟ್ಟಿ ತಟ್ಟುತ್ತೇನೆ ಅಂದಳು. ಅದನ್ನೂ ಕಾಯಿ ಕೊಟ್ಟವರ ಪಟ್ಟಿಯಲ್ಲೇ, ಅದೇ ಸಾಲಿನಲ್ಲಿ ಬರೆದೆ.

ಆದರೂ ಪೂರ್ತಿ ಬೇರೆಯವರ ಕಾಯಿ ನಂಬಿಕೊಂಡು ಅಡುಗೆ ನಡೆಸೋಕಾಗುತ್ತಾ? ಸೋಮವಾರದಿಂದ ರೊಟ್ಟಿಗೆ ಕಾಯಿಚಟ್ನಿ ಬಿಟ್ಟು ಹುಚ್ಚೆಳ್ಳು ಚಟ್ನಿಪುಡಿ ಮಾಡಿದೆವು. ನಮ್ಮ ಕಡೆ ರಾಗಿ ಹೊಲದಲ್ಲಿ ನಡುನಡುವೆ ಬೇರೆ ಬೆಳೆಗೆ ಅಂತ ಬಿಡೋ ಅಕ್ಕಡಿ ಸಾಲಿಗೆ ಹುಚ್ಚೆಳ್ಳು ಹಾಕೋ ಪದ್ಧತಿ ಮೊದಲಿಂದ ಇತ್ತು, ಈಗ ಹಾಕೋರು ಕಮ್ಮಿ. ಮೂರು ಮನೆಗಳಲ್ಲಿ ಸಿಕ್ಕಿತು. ಸಣ್ಣ ಉರಿಯಲ್ಲಿ ಚಟಪಟ ಅನ್ನೋ ತನಕ ಹುರಿದು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು, ಚೂರು ಬೆಲ್ಲ ಹಾಕಿ ಕುಟ್ಟಿದರೆ ಇಡೀ ಕಾಂಪೌಂಡಿಗೇ ಘಮ. ಮೊದಲ ದಿನ ಆ ಕಪ್ಪು ಬಣ್ಣ ನೋಡಿ ಹುಡುಗರು ಹಿಂದೆ ಮುಂದೆ ನೋಡಿದರು. ಕಾಮರ್ಸ್ ಸೆಕ್ಷನ್ನಿನ ಒಬ್ಬ ಮಾತ್ರ "ನಮ್ಮಜ್ಜಿ ಮಾಡ್ತಿತ್ತು ಕಣ್ರೋ" ಅಂತ ತಗೊಂಡ. ಬೆಲ್ ಹೊಡೆಯೋ ಹೊತ್ತಿಗೆ ಡಬ್ಬಿ ಖಾಲಿ.

ಆ ಮೀಟಿಂಗಿನಲ್ಲೇ ಟೋಕನ್ ಮಾಡೋದು ಅಂತಲೂ ಆಯಿತು. ಈಗ ದುಡ್ಡು ಕೊಡುವವರೂ ಮೊದಲೇ ಟೋಕನ್ ತಗೋಬೇಕು. ಕೈಯಲ್ಲಿ ದುಡ್ಡಿಲ್ಲದ ಮಕ್ಕಳಿಗೆ ಉಪನ್ಯಾಸಕರು ಅದೇ ಟೋಕನ್ ಸದ್ದಿಲ್ಲದೆ ಕೊಡುತ್ತಾರೆ. ಊರಿನವರು ಮಕ್ಕಳ ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ದುಡ್ಡು ಕಟ್ಟಿದರೆ ಅದು ಆ ಟೋಕನ್ನಿಗೆ ಹೋಗುತ್ತದೆ. ಕೌಂಟರಿನಲ್ಲಿ ನಿಂತ ನಮಗೂ ಯಾವುದು ಯಾರದ್ದು ಅಂತ ಗೊತ್ತಾಗಲ್ಲ, ಗೊತ್ತಾಗಲೂಬಾರದು.

ಈಗಲೂ ಮುದ್ದೆ ಊಟ 25 ರೂಪಾಯಿಯೇ. ಈ ಸಲ ಮುಂಗಾರಿನಲ್ಲಿ ಹುಚ್ಚೆಳ್ಳು ಬಿತ್ತುತ್ತೇವೆ, ಬೆಳೆದಷ್ಟನ್ನೂ ಕ್ಯಾಂಟೀನಿಗೇ ಕೊಡುತ್ತೇವೆ ಅಂತ ಆರು ಮನೆಯವರು ಒಪ್ಪಿದ್ದಾರೆ. ಬಿತ್ತನೆ ಬೀಜ ನಮ್ಮ ಡಬ್ಬಿಯಲ್ಲೇ ಎತ್ತಿಟ್ಟಿದ್ದೇವೆ, ದೊಡ್ಡಮ್ಮ ಅದಕ್ಕೆ ಯಾರೂ ಕೈ ಹಾಕೋಕೆ ಬಿಡಲ್ಲ.