ಗಿಫ್ಟ್ ಅಂದರೆ ಗಿಫ್ಟ್ ಅಲ್ಲ

ಓಸ್ಲೋದಲ್ಲಿ ಆನ್‌ಸೈಟ್ ಇದ್ದಾಗಿನ ಮಾತು. ಎಚ್‌ಆರ್ ಪೋರ್ಟಲ್‌ನ ನಾರ್ವೇಜಿಯನ್ ಬಿಲ್ಡ್ ಟೆಸ್ಟ್ ಮಾಡುತ್ತಿದ್ದೆ. ಮದುವೆ ಆಗಿದೆಯಾ ಇಲ್ಲವಾ ಅಂತ ಕೇಳುವ ಡ್ರಾಪ್‌ಡೌನ್‌ನಲ್ಲಿ ‘ಗಿಫ್ಟ್’ ಅಂತ ಇತ್ತು. ಯಾವುದೋ ಇಂಗ್ಲಿಷ್ ಪದ ಅನುವಾದ ಆಗದೆ ತಪ್ಪು ಜಾಗದಲ್ಲಿ ಬಂದು ಕೂತಿದೆ ಅಂದುಕೊಂಡು ಪಿ2 ಟಿಕೆಟ್, ಅಂದರೆ ಎರಡನೇ ದರ್ಜೆಯ ತುರ್ತಿನ ದೂರು, ಹಾಕಿದೆ. ಅನುವಾದದ ವೆಂಡರ್ ‘ಬಗ್ ಅಲ್ಲ’ ಅಂತ ಕ್ಲೋಸ್ ಮಾಡಿದರು. ನಾನು ಬಿಡಬೇಕಲ್ಲ, ರೀಓಪನ್ ಮಾಡಿದೆ, ‘ದಯವಿಟ್ಟು ಸ್ಕ್ರೀನ್‌ಶಾಟ್ ನೋಡಿ’ ಅಂತ ಒಂದು ಕೊಂಕು ಬೇರೆ. ಅದರ ಮೇಲಿನ ಸಾಲಿನಲ್ಲೇ ‘ಉಗಿಫ್ಟ್’ ಅಂತ ಇತ್ತು. ನೋಡಿದ್ದೆ, ತಲೆಗೆ ಹೋಗಲಿಲ್ಲ.

ಶುಕ್ರವಾರ ಫ್ರೀಜ್, ಆಮೇಲೆ ಕೋಡ್ ಮುಟ್ಟುವಂತಿಲ್ಲ. ಬೆಂಗಳೂರಿನ ಡೆವಲಪರ್, ಪಾಪ, ಉಡುಗೊರೆಗೆ ನಾರ್ವೇಜಿಯನ್‌ನಲ್ಲಿ ಏನನ್ನುತ್ತಾರೆ ಅಂತ ಹುಡುಕಿ ‘ಗಾವೆ’ ಅಂತ ಹಾಕಿ ಮನೆಗೆ ಹೋದ.

ಸೋಮವಾರ ಯುಎಟಿ, ಅಂದರೆ ಕ್ಲೈಂಟ್ ತಾವೇ ಬಳಸಿ ನೋಡಿ ಒಪ್ಪುವ ಪರೀಕ್ಷೆ. ಕ್ಲೈಂಟ್ ಕಡೆಯ ಮೇಡಂ ಡ್ರಾಪ್‌ಡೌನ್ ತೆರೆದರು. ಸುಮ್ಮನಾದರು. ಮುಚ್ಚಿ ಮತ್ತೆ ತೆರೆದರು. ‘ಗಂಡ ಇರುವವಳು ನಾನು, ಇಲ್ಲಿ ಉಡುಗೊರೆ ಅಂತ ಒತ್ತಬೇಕಾ?’ ಅಂದರು. ಯಾರೂ ನಗಲಿಲ್ಲ. ನಮ್ಮ ಲೀಡ್, ಸ್ಕ್ರೀನ್ ಶೇರ್ ಆನ್ ಇರುವಾಗಲೇ, ಟಿಕೆಟ್ ತೆರೆದರು. ನನ್ನ ಹೆಸರು, ನನ್ನ ಕೊಂಕು, ಎರಡೂ ಗೋಡೆಯಷ್ಟು ದೊಡ್ಡ ಪರದೆ ಮೇಲೆ. ನಾನು ಕಾಫಿ ಲೋಟದ ತಳ ನೋಡುತ್ತಾ ಕೂತೆ.

ಕಾಫಿಗೆ ಎದ್ದಾಗ ಆ ಮೇಡಂ ಅವರೇ ಬಿಡಿಸಿ ಹೇಳಿದರು. ಅವರ ಬಾಯಲ್ಲಿ ಅದು ‘ಯಿಫ್ಟ್’, ಅಂದರೆ ಮದುವೆಯಾದವರು; ‘ಉಗಿಫ್ಟ್’ ಅಂದರೆ ಆಗದವರು. ಹಳೆಯ ನಾರ್ಸ್ ಭಾಷೆಯ ‘ಗೆಫಾ’, ಅಂದರೆ ಕೊಡು, ಅದರಿಂದ ಹುಟ್ಟಿದ್ದು. ಮಗಳನ್ನು ಕೊಡುವುದೇ ಮದುವೆ. ಇಂಗ್ಲಿಷಿನ ಗಿಫ್ಟ್ ಕೂಡ ಅದೇ ನಾರ್ಸ್‌ನಿಂದ ಹೋದದ್ದಂತೆ, ಅಂದರೆ ನಾನು ಇಂಗ್ಲಿಷ್ ಅಂತ ಓಡಿಸಲು ಹೊರಟಿದ್ದು ಮನೆಯವರನ್ನೇ. ಅವತ್ತು ರಾತ್ರಿ ಅಮ್ಮ ಫೋನಿನಲ್ಲಿ ‘ಎದುರುಮನೆ ಹುಡುಗೀನ ದಾವಣಗೆರೆಗೆ ಕೊಟ್ರು ಕಣೋ’ ಅಂದಾಗ ನಗು ಬಂತು. ನಾವೂ ಕೊಡುವವರೇ ಅಲ್ವಾ.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಸ್ಟ್ರಿಂಗ್‌ಗಳನ್ನು, ಅಂದರೆ ಪರದೆ ಮೇಲೆ ಬರುವ ಪದಗಳನ್ನು, ಎಕ್ಸೆಲ್‌ನಲ್ಲಿ ಕಳಿಸುವಾಗ ವೆಂಡರ್ ಬರೆದ ಟಿಪ್ಪಣಿಯ ಕಾಲಂ ಹೈಡ್ ಮಾಡಿದ ಪುಣ್ಯಾತ್ಮರು ಯಾರು? ಇವತ್ತಿಗೂ ಹಾಗೇ ಬರುತ್ತದೆ.

ಎರಡು ತಿಂಗಳ ನಂತರ ಗೋದಾಮಿನ ಮಾಡ್ಯೂಲ್‌ನಲ್ಲಿ, ಕ್ಲೀನಿಂಗ್ ಸಾಮಾನಿನ ಪಟ್ಟಿಯಲ್ಲಿ ಮತ್ತೆ ‘ಗಿಫ್ಟ್’. ಡಬ್ಬಕ್ಕೂ ಮದುವೆಯಾ ಅಂತ ಈ ಸಲ ಮೊದಲೇ ಕೇಳಿದೆ. ವಿಷವಂತೆ! ಕೊಡುವ ಔಷಧಿಗೆ ಗ್ರೀಕರು ‘ಕೊಟ್ಟದ್ದು’ ಅಂದರು, ಡೋಸ್ ಬಂದದ್ದು ಅಲ್ಲಿಂದ. ಜರ್ಮನರು ಅದನ್ನೇ ತಮ್ಮ ಮಾತಲ್ಲಿ ಗಿಫ್ಟ್ ಅಂದರು, ಬರಬರುತ್ತಾ ಅದು ವಿಷವಾಗಿ ಉತ್ತರಕ್ಕೂ ಬಂತು. ನಮ್ಮಲ್ಲಿ ಮದ್ದು ಇಲ್ಲವಾ, ಕೆಮ್ಮಿಗೆ ಕೊಟ್ಟರೂ ಮದ್ದು, ಊಟದಲ್ಲಿ ಇಕ್ಕಿದರೂ ಮದ್ದು. ಟಿಕೆಟ್ ಹಾಕಲಿಲ್ಲ.