ಬ್ರಾಕೆಟ್ ನೋಡಲು ಬಂದವರು ಬಾರ್ ಕೇಳಿದರು

ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ತುಂಡಾದರೆ ಪ್ರತಿ ಡಿಗ್ರಿಗೆ ಸುಮಾರು 23 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ 23 ಪಾಲು. ಕಿಟಕಿಯ ಚೌಕಟ್ಟು ಮಾಡುವವರಿಗೆ ಇದು ಲೆಕ್ಕಕ್ಕಿಲ್ಲ. ವಿಮಾನದ ಬಿಡಿಭಾಗ ಮಾಡುವವರಿಗೆ ಮಾತ್ರ ಬಿಡುವಂತಿಲ್ಲ. ಡ್ರಾಯಿಂಗ್‌ನಲ್ಲಿ ಬರೆದಿರುವ ಅಳತೆ 20 ಡಿಗ್ರಿ ಸೆಲ್ಸಿಯಸ್‌ನದು. ಏಪ್ರಿಲ್ ಮಧ್ಯಾಹ್ನ ಹರಿಹರದ ನಮ್ಮ ತಗಡಿನ ಶೆಡ್ಡಿನೊಳಗೆ 36 ಆಗಿರುತ್ತದೆ. ನಾವು ವಿಮಾನಕ್ಕೆ ಮಾಡುವ 300 ಮಿಲಿಮೀಟರ್‌ನ ಅಲ್ಯೂಮಿನಿಯಂ ಬ್ರಾಕೆಟ್, ಅಂದರೆ ಬೇರೆ ಭಾಗವನ್ನು ಹಿಡಿದಿಡುವ ಆಧಾರದ ತುಂಡು, ಆ ಹೊತ್ತಿಗೆ 110 ಮೈಕ್ರಾನ್ ಬೆಳೆದಿರುತ್ತದೆ. ನಮಗೆ ಕೊಟ್ಟ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, 50.

ಬೆಂಗಳೂರಿನ ಕಂಪನಿಯೊಂದರ ಕ್ವಾಲಿಟಿ ಇಂಜಿನಿಯರ್ ನಮ್ಮ ಮೊದಲ ಪೀಸ್ ನೋಡಲು ಬಂದದ್ದು ಅಂಥದ್ದೇ ಬಿಸಿಲಲ್ಲಿ. ಅಪ್ಪ ಶೆಡ್ಡಿನ ಮೂಲೆಗೆ ಗಾಜು ಹಾಕಿಸಿ, ಎಸಿ ಕೂರಿಸಿ, ಅಳತೆಗೆಂದೇ ಒಂದು ಕೋಣೆ ಮಾಡಿಸಿದ್ದರು. ಬ್ರಾಕೆಟ್ಟನ್ನು ಹಿಂದಿನ ರಾತ್ರಿಯೇ ಒಳಗಿಟ್ಟಿದ್ದೆ. ಕ್ವಾಲಿಟಿಯ ಕೆಲಸ ಪೂರ್ತಿ ನನ್ನದು. ಪ್ರತಿ ಅಳತೆಯೂ ನನಗೆ ಬಾಯಿಪಾಠವಾಗಿತ್ತು. ಬಂದವರು ಬ್ರಾಕೆಟ್ ಕಡೆ ನೋಡಲೇ ಇಲ್ಲ. "ಮೇಡಂ, ಮೊದಲು ಬಾರ್ ಇಟ್ಟಿರೋ ಜಾಗ ತೋರಿಸಿ" ಎಂದರು. ಬಾರ್ ಎಂದರೆ ನಾವು ಕತ್ತರಿಸಿ ಭಾಗ ಮಾಡುವ ಅಲ್ಯೂಮಿನಿಯಂ ಸರಳು.

ಲೋಹ ಕರಗಿಸಿ ಎರಕ ಹೊಯ್ದಾಗ ಆ ಒಂದು ಪಾಕಕ್ಕೆ ಒಂದು ಹೀಟ್ ನಂಬರ್ ಕೊಡುತ್ತಾರೆ. ಮಟೀರಿಯಲ್ ಸರ್ಟಿಫಿಕೇಟ್‌ನಲ್ಲಿ ಇರುವುದೂ ಅದೇ ನಂಬರ್. ನಮಗೆ ಬರುವ ಬಾರ್‌ಗಳಲ್ಲಿ ಅದನ್ನು ಒಂದು ತುದಿಗೆ ಹೊಡೆದಿರುತ್ತಾರೆ. ಆ ತುದಿಯನ್ನೇ ಕತ್ತರಿಸಿ ಬಳಸಿದರೆ ಉಳಿದ ಬಾರ್ ಎಷ್ಟೇ ಚೆನ್ನಾಗಿದ್ದರೂ ವಿಮಾನಕ್ಕೆ ನಡೆಯದು. ನಾಳೆ ಹಾರಾಟದಲ್ಲಿ ಒಂದು ಭಾಗ ಬಿರುಕು ಬಿಟ್ಟರೆ, ಅದೇ ಪಾಕದ ಉಳಿದ ಭಾಗಗಳು ಯಾವ ವಿಮಾನದಲ್ಲಿವೆ ಎಂದು ಹುಡುಕಿ ತೆಗೆಯಬೇಕಲ್ಲ, ಅದಕ್ಕೆ.

ರ್‍ಯಾಕ್‌ನಲ್ಲಿದ್ದ ಅರ್ಧಂಬರ್ಧ ಬಾರ್‌ಗಳ ತುದಿಯಲ್ಲೆಲ್ಲ ನಂಬರ್ ಇತ್ತು. ಯಾರು ಕತ್ತರಿಸುವುದು ಎಂದು ಇಂಜಿನಿಯರ್ ಕೇಳಿದರು. ನಾವೆಲ್ಲ ದೊಡ್ಡಪ್ಪ ಎಂದು ಕರೆಯುವ ಲೇತ್ ನಡೆಸುವ ಹಿರಿಯ ಟರ್ನರ್ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು.

"ನಂಬರ್ ಇರೋ ತುದಿ ಮುಟ್ಟಂಗಿಲ್ಲ ಸರ್. ಅದು ಹೋದ್ರೆ ಉಳಿದಿದ್ದಕ್ಕೆ ಅಪ್ಪ ಅವ್ವ ಯಾರು ಅಂತ ಯಾರು ಹೇಳ್ಬೇಕು?"

ಇಂಜಿನಿಯರ್ ದೊಡ್ಡಪ್ಪನ ಕೈ ಹಿಡಿದು ಕುಲುಕಿದರು. ನನಗೆ ಎದೆ ತುಂಬಿ ಬಂತು. ದೊಡ್ಡಪ್ಪ ಕೆಲಸ ಕಲಿತದ್ದು 1941ರಲ್ಲಿ ನಮ್ಮೂರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ. ದೇಶಕ್ಕೆಲ್ಲ ಲೇತ್ ಕಳಿಸಿದ ಆ ಕಾರ್ಖಾನೆ ಮುಚ್ಚಿತು, ಆದರೆ ಅಲ್ಲಿ ಪಳಗಿದ ಕೈಗಳು ಹರಿಹರದ ಸಣ್ಣ ಶೆಡ್ಡುಗಳಲ್ಲಿ ಇನ್ನೂ ದುಡಿಯುತ್ತಿವೆ. ಏರೋಸ್ಪೇಸ್ ಎಂದರೆ ಬೆಂಗಳೂರು, ಬಿಟ್ಟರೆ ಬೆಳಗಾವಿ ಎನ್ನುವವರು ಒಮ್ಮೆ ಇಲ್ಲಿಗೂ ಬಂದು ನೋಡಬೇಕು.

ಆಮೇಲೆ ಕಡತ. ಡ್ರಾಯಿಂಗ್‌ನ ಪ್ರತಿ ಅಳತೆಗೂ ಸುತ್ತು ಹಾಕಿ ನಂಬರ್ ಕೊಟ್ಟು, ಎದುರಿಗೆ ಸಿಕ್ಕ ಅಳತೆ, ಯಾವ ಉಪಕರಣ, ಅದರ ಕ್ಯಾಲಿಬ್ರೇಷನ್, ಅಂದರೆ ಅದು ಸರಿಯಾಗಿ ಅಳೆಯುತ್ತದೆಯೇ ಎಂಬ ತಪಾಸಣೆ, ಯಾವಾಗ ಆಯಿತು, ಎಲ್ಲ ಬರೆದಿರಬೇಕು. ಊಟದ ಹೊತ್ತು ಮೀರಿದರೂ ಅವರು ಸಾಲು ಸಾಲು ಓದಿದರು. ಬ್ರಾಕೆಟ್ ಅಳೆದದ್ದು ಕೊನೆಗೆ. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ತೊಡಕು ಉಳಿದದ್ದು ಆನೊಡೈಸಿಂಗ್‌ನಲ್ಲಿ, ಅಂದರೆ ಅಲ್ಯೂಮಿನಿಯಂ ಮೇಲೆ ರಕ್ಷಣೆಯ ಪದರ ಬರಿಸುವ ಕೆಲಸದಲ್ಲಿ. ಸಾದಾ ಆನೊಡೈಸಿಂಗ್ ಎಲ್ಲಾದರೂ ಆದೀತು. ವಿಮಾನದ ಭಾಗಕ್ಕೆ ಗಿರಾಕಿ ಒಪ್ಪಿದ ಘಟಕವೇ ಬೇಕು, ನಮ್ಮ ಗಿರಾಕಿ ಒಪ್ಪಿರುವುದು ಬೆಂಗಳೂರಿನದು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒದ ಪರೀಕ್ಷಾ ರನ್‌ವೇ ಇದೆ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನೇ ತಾನಾಗಿ ಇಳಿದದ್ದು ಅಲ್ಲೇ. ಅಷ್ಟು ಹತ್ತಿರದಲ್ಲಿ ಅಂಥ ಕೆಲಸ ನಡೆಯುವಾಗ, ಒಂದು ಪದರ ಲೇಪಕ್ಕೆ ನಮ್ಮ ಮಾಲು ಬೆಂಗಳೂರಿಗೆ ಹೋಗಿ ಬರಬೇಕು. ದಾವಣಗೆರೆ ಸೀಮೆಯ ಸಣ್ಣ ಘಟಕಗಳಿಗೆ ಸರ್ಕಾರ ಮೊದಲು ಕೊಡಬೇಕಾದದ್ದು ಹತ್ತಿರದಲ್ಲೊಂದು ಮಾನ್ಯತೆ ಪಡೆದ ಸಾಮೂಹಿಕ ಘಟಕ ಎಂದು ನಾನು ಎಲ್ಲಿ ಕೇಳಿದರೂ ಹೇಳುತ್ತೇನೆ.

ಮೊದಲ ಪೀಸ್ ಪಾಸಾಯಿತು, ಆರ್ಡರೂ ಬಂತು. ಅಪ್ಪ ಈಗ ಅಕ್ಕಪಕ್ಕದ ಶೆಡ್ಡಿನವರ ಜೊತೆ ಮಾತಾಡುತ್ತಿದ್ದಾರೆ: ಎಲ್ಲರ ಮಾಲೂ ಒಂದೇ ಗಾಡಿಯಲ್ಲಿ ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಲಿ, ಬಾಡಿಗೆ ಹಂಚಿಕೊಳ್ಳೋಣ ಅಂತ.