ಏನಾಯ್ತು ಅಂತ ಅವರು ಕೇಳಲೇ ಇಲ್ಲ

2024 ಸೆಪ್ಟೆಂಬರ್ 19, ಗುರುವಾರ, ರಾತ್ರಿ

ಆಘಾತಕ್ಕೆ ಚಿಕಿತ್ಸೆ ಕೊಡುವ ಥೆರಪಿಸ್ಟ್ ಮೇಡಂ ಹತ್ತಿರ ಮೊದಲ ಸಲ ಹೋಗಿ ಬಂದೆ. ಮೈಯೆಲ್ಲ ಸುಸ್ತು. ಕುರ್ಚಿಯಲ್ಲಿ ಕೂತು ಮಾತಾಡಿದ್ದಕ್ಕೆ ಇಷ್ಟು ದಣಿವಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಕಾರಿನಲ್ಲಿ ಹೋಗುವಾಗ ಆದ ಆ ಅಪಘಾತದ ವಿವರ ಮತ್ತೆ ಬರೆಯುವುದಿಲ್ಲ. ವಾರವಿಡೀ ನನ್ನನ್ನು ಕಾಡಿದ್ದು ಒಂದೇ ಭಯ. ಹೋದ ತಕ್ಷಣ "ಹೇಳಿ, ಏನಾಯ್ತು?" ಅಂತ ಕೇಳುತ್ತಾರೆ, ನಾನು ಮೊದಲಿಂದ ಕೊನೆತನಕ ಹೇಳಬೇಕು, ಅರ್ಧಕ್ಕೇ ಉಸಿರು ಕಟ್ಟುತ್ತದೆ. ಸ್ನಾನ ಮಾಡುವಾಗಲೂ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಒಂದು ವಾಕ್ಯವೂ ಬೇಕಾಗಲಿಲ್ಲ.

ಶುರುವಾಗಿದ್ದು ಬರೀ ಕಾಗದಪತ್ರದಿಂದ. ನಿದ್ದೆ ಹೇಗಿದೆ, ಯಾವ ಮಾತ್ರೆ ತಗೊಳ್ತೀರಿ, ಮನೆಯಲ್ಲಿ ಯಾರ್ಯಾರಿದ್ದಾರೆ. ಬದುಕೇ ಬೇಡ ಅನಿಸಿದ್ದುಂಟಾ ಅಂತಲೂ ಕೇಳಿದರು, ನಿದ್ದೆಯ ಬಗ್ಗೆ ಕೇಳಿದ ದನಿಯಲ್ಲೇ. ಅದಕ್ಕೇ ಇರಬೇಕು, ಉತ್ತರ ಕೊಡುವುದು ಕಷ್ಟವಾಗಲಿಲ್ಲ. ನಾನು ಹೇಳಿದ್ದು ಈ ಕೋಣೆ ದಾಟುವುದಿಲ್ಲ, ಆದರೆ ನನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಸುಮ್ಮನಿರೋಕಾಗಲ್ಲ ಅಂತ ಮೊದಲೇ ಹೇಳಿಬಿಟ್ಟರು. ಇಂಥ ಕೆಲಸದಲ್ಲಿ ತರಬೇತಿ ಆಗಿದೆಯಾ ಅಂತ ನಾನೂ ಕೇಳಿದೆ. ಕೋಪ ಮಾಡಿಕೊಳ್ಳಲಿಲ್ಲ. ಕೇಳಲೇಬೇಕಾದ ಪ್ರಶ್ನೆ ಅಂದರು.

ಆಮೇಲೆ 20 ಪ್ರಶ್ನೆಗಳ ಒಂದು ಹಾಳೆ. ಕಳೆದ ಒಂದು ತಿಂಗಳಲ್ಲಿ ಕೆಟ್ಟ ಕನಸು ಎಷ್ಟು ಕಾಡಿದೆ, ನೆನಪಿಸುವ ಜಾಗಗಳಿಂದ ದೂರ ಇದ್ದೀರಾ, ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತೀರಾ. ಪ್ರತಿಯೊಂದಕ್ಕೂ 0ಯಿಂದ 4ರೊಳಗೆ ಒಂದು ಅಂಕಿ. ಎಷ್ಟು ಬಂತು ಅಂತ ಕೇಳಿದ್ದಕ್ಕೆ ನಕ್ಕರು. "ಪಾಸು ಫೇಲು ಏನಿಲ್ಲ. ಆಗಾಗ ಇದೇ ಹಾಳೆ ಮತ್ತೆ ಕೊಡ್ತೀನಿ. ಕಡಿಮೆ ಆಗ್ತಿದೆಯಾ ನೋಡೋಣ."

ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಸಿಟ್ಟು ಬರುತ್ತಿತ್ತು. ಇಷ್ಟಕ್ಕಾ ನಾನು ರಾತ್ರಿಯೆಲ್ಲ ಎದ್ದು ಕೂತಿದ್ದು?

ಆಗ ಅದು ಆಯಿತು.

ಮೇಡಂ ಮಾಮೂಲಿಯಾಗಿ ಮಾತಾಡುತ್ತಿದ್ದರು. "ಆ ಘಟನೆಯ ಒಳಗೆ ಹೋಗೋಕೆ ಅವಸರ ಇಲ್ಲ. ಮೊದಲು ಬ್ರೇಕ್ ಹಾಕೋದು ಕಲಿಯೋಣ, ಆಮೇಲೆ..." ಅಷ್ಟೇ ಅಂದಿದ್ದು. ನನ್ನ ಬಲಗಾಲು ತಾನಾಗೇ ನೆಲ ಒತ್ತಿತು. ಹೆಗಲು ಕಿವಿತನಕ ಏರಿತು. ಆವತ್ತು ನಾನು ಸ್ಟೀರಿಂಗ್ ಹಿಡಿದಿರಲೇ ಇಲ್ಲ, ಭಾವನ ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಆದರೂ ಈ ಕಾಲು ಇನ್ನೂ ಬ್ರೇಕ್ ಒತ್ತುತ್ತಲೇ ಇದೆ.

ಅವರು ಮಾತು ಅಲ್ಲಿಗೇ ನಿಲ್ಲಿಸಿದರು. "ಈಗ ಏನೋ ಆಯ್ತು ಅಲ್ವಾ?"

ತಲೆ ಆಡಿಸಿದೆ.

"ಏನು ಅಂತ ಹೇಳಬೇಕಾಗಿಲ್ಲ. ಎರಡೂ ಪಾದ ನೆಲಕ್ಕೆ ಊರಿ. ಈ ಕೋಣೆಯಲ್ಲಿ ಕಾಣೋ ಐದು ವಸ್ತು ಹೇಳಿ ನೋಡೋಣ."

ಗಡಿಯಾರ. ಪರದೆ. ಟಿಶ್ಯೂ ಡಬ್ಬ. ನಿಮ್ಮ ಚಪ್ಪಲಿ. ಐದನೆಯದು ಸಿಗಲಿಲ್ಲ, ಸ್ವಲ್ಪ ಹೊತ್ತು ಹುಡುಕಿದೆ. ಆಮೇಲೆ ಸ್ವಿಚ್ ಬೋರ್ಡ್ ಕಂಡಿತು, ಅದರಲ್ಲಿ ಒಂದು ಸ್ವಿಚ್ ಒಡೆದಿತ್ತು. ಮುಟ್ಟಿದರೆ ಗೊತ್ತಾಗುವ ನಾಲ್ಕು, ಕೇಳಿಸುವ ಮೂರು ಅಂತ ಮುಂದುವರಿಸಿದರು. ಪೂರ್ತಿ ಮುಗಿಯುವ ಮೊದಲೇ ಹೆಗಲು ಇಳಿದಿತ್ತು.

"ನಾನು ಹೇಳ್ತಿದ್ದದ್ದು ಇದನ್ನೇ" ಅಂದರು. ಆಮೇಲೆ ಕೊನೆತನಕ ಬ್ರೇಕ್ ಅನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ. ನಾನು ಗಮನಿಸಿದೆ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಗೋಡೆ ಮೇಲಿನ ಸರ್ಟಿಫಿಕೇಟ್ ನೋಡಿ ಅಲ್ಲ, ಅದರಿಂದ.

"ಇದನ್ನ ಮರೆಸ್ತೀರಾ?" ಅಂತ ಕೇಳಿದೆ.

"ಇಲ್ಲ. ನೆನಪು ಇರುತ್ತೆ. ಈಗ ನೆನಪು ಬಂದ್ರೆ ಅದು ಇವತ್ತೇ, ಇಲ್ಲೇ ನಡೀತಿದೆ ಅಂತ ನಿಮ್ಮ ಮೈ ನಂಬುತ್ತೆ. ಅದು ಆಗಿಹೋದದ್ದು ಅಂತ ಮೈಗೂ ಗೊತ್ತಾಗಬೇಕು. ಅಷ್ಟು ಆದ್ರೆ ಸಾಕು."

ಮೊದಲು ಸುರಕ್ಷಿತ ಅನ್ನಿಸಬೇಕು, ಆಮೇಲೆ ನೆನಪಿನ ಕೆಲಸ, ಆಮೇಲೆ ಮತ್ತೆ ಜನರ ಜೊತೆ ಬೆರೆಯುವುದು. ಜುಡಿತ್ ಹರ್ಮನ್ ಅನ್ನುವ ಮನೋವೈದ್ಯೆ 1992ರಲ್ಲಿ ಬರೆದ ಕ್ರಮವಂತೆ. ಎಲ್ಲರಿಗೂ ತಿಂಗಳುಗಟ್ಟಲೆ ತಯಾರಿ ಬೇಕಾಗಲ್ಲ, ಕೆಲವರು ಬೇಗ ಕೆಲಸಕ್ಕೆ ಇಳಿಯಬಹುದು ಅಂತಲೂ ಸೇರಿಸಿದರು.

ದಾರಿ ಒಂದೇ ಅಲ್ಲ. ಒಂದರಲ್ಲಿ ಕಣ್ಣು ಮುಚ್ಚಿ ನಡೆದದ್ದನ್ನೆಲ್ಲ ಹೇಳಿ, ಅದರ ರೆಕಾರ್ಡಿಂಗ್ ಅನ್ನು ಮನೆಯಲ್ಲಿ ದಿನಾ ಕೇಳಬೇಕು. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಸುಮಾರು 90 ನಿಮಿಷ. ಕೇಳಿಯೇ ಬೇಡ ಅಂದೆ. "ಇವತ್ತು ಬೇಡ ಅಂದ್ರೆ ಬೇಡ" ಅಂದರು. ಇನ್ನೊಂದರಲ್ಲಿ ಅವರ ಬೆರಳು ಅತ್ತಿತ್ತ ಆಡುವುದನ್ನು ಕಣ್ಣಿನಲ್ಲಿ ಹಿಂಬಾಲಿಸುತ್ತಾ ನೆನಪನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ವಿವರವಾಗಿ ಹೇಳಬೇಕಾಗಿಲ್ಲ. ನನಗೆ ನಗು ಬಂತು. 1987ರಲ್ಲಿ ಫ್ರಾನ್ಸೀನ್ ಶಪಿರೋ ಅನ್ನುವವರಿಗೆ ಪಾರ್ಕಿನಲ್ಲಿ ನಡೆಯುವಾಗ ಹೊಳೆದದ್ದಂತೆ. ವಿಶ್ವ ಆರೋಗ್ಯ ಸಂಸ್ಥೆಯೇ 2013ರಲ್ಲಿ ಇದನ್ನು ಒಪ್ಪಿ ಶಿಫಾರಸು ಮಾಡಿದೆ, ಆದರೆ ಗುಣ ಕೊಡುವುದು ಕಣ್ಣಿನ ಆಟವೋ ಬೇರೇನೋ ಅಂತ ತಜ್ಞರು ಇನ್ನೂ ಜಗಳ ಆಡ್ತಾರೆ ಅಂತ ಅವರೂ ನಕ್ಕರು.

ನನಗೆ ಹಿಡಿಸಿದ್ದು ಮೂರನೆಯದು. ಸುಮಾರು 12 ಭೇಟಿ. ಆ ಘಟನೆ ತಲೆಯಲ್ಲಿ ಬಿಟ್ಟುಹೋದ ಮಾತನ್ನು ಹಿಡಿದು, ಅದು ನಿಜವಾ ಅಂತ ಬರೆದು ಬರೆದು ಪರೀಕ್ಷಿಸುವುದು. ನನ್ನ ತಲೆಯಲ್ಲಿರುವ ಮಾತು ಇದು. ನಾನು ಮುಂದೆ ಕೂತಿದ್ದೆ. ನಾನು ಕೂಗಬೇಕಿತ್ತು.

ಶುರುವಿನಲ್ಲಿ ಕೆಲವರಿಗೆ ಕೆಟ್ಟ ಕನಸು ಜಾಸ್ತಿ ಆಗಬಹುದು, ಹಾಗಾದ್ರೆ ನನಗೆ ಹೇಳಿ, ಬರೋದು ಮಾತ್ರ ನಿಲ್ಲಿಸಬೇಡಿ ಅಂದರು. ಬರುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ ಅಂತಲೂ. ಅದನ್ನು ಮೊದಲೇ ಹೇಳಿದ್ದರೆ ಸಂಜೆಯ ಮೀಟಿಂಗ್ ಮುಂದೂಡುತ್ತಿದ್ದೆ. ಅಲ್ಲಿ ಯಾರು ಏನಂದರೋ ದೇವರಿಗೇ ಗೊತ್ತು.

ಒಂಬತ್ತಕ್ಕೆ ಅಕ್ಕನ ಫೋನ್.

"ಎಲ್ಲಾ ಹೇಳಿಬಿಟ್ಯಾ? ಒಂದ್ಸಲ ಪೂರ್ತಿ ಹೇಳಿ ಅತ್ತುಬಿಡು ಕಣೇ, ಹಗುರ ಆಗುತ್ತೆ."

ಎಲ್ಲರಿಗೂ ಇದೇ ನಂಬಿಕೆ. ಹಿಂದೆ ದುರಂತ ಆದ ತಕ್ಷಣ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಎಲ್ಲ ಹೇಳಿಸುವ ಪದ್ಧತಿಯೂ ಇತ್ತು. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ ಅಂತ ಗೊತ್ತಾಗಿ ಈಗ ಬೇಡ ಅನ್ನುತ್ತಾರೆ. ಅಕ್ಕನಿಗೆ ಇಷ್ಟೆಲ್ಲ ಹೇಳಲಿಲ್ಲ. "ಏನಾಯ್ತು ಅಂತ ಕೇಳಲೇ ಇಲ್ಲ ಅಕ್ಕ" ಅಂದೆ.

"ಮತ್ತೆ ಯಾಕೆ ಹೋಗಿದ್ದು?"

ಹಿಂದೆ ಭಾವನ ದನಿ ಕೇಳಿಸಿತು. ಅದೆಲ್ಲ ಮಿಲಿಟ್ರಿಯವರಿಗೆ ಬರೋ ಕಾಯಿಲೆ ಅಂತ. ಪಾಪ, ಅವರು ಹೇಳೋದು ಪೂರಾ ಸುಳ್ಳೇನಲ್ಲ. 1980ರಲ್ಲಿ ಅಮೆರಿಕದ ವೈದ್ಯರ ಪಟ್ಟಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ, ಅನ್ನುವ ಹೆಸರು ಸೇರಿದ್ದರಲ್ಲಿ ವಿಯೆಟ್ನಾಂನಿಂದ ಮರಳಿದ ಸೈನಿಕರ ಪಾಲು ದೊಡ್ಡದು. ಆದರೆ ಭಾವ ಆವತ್ತಿನಿಂದ ಕಾರಿನ ಕೀ ಮುಟ್ಟಿಲ್ಲ. ಅದಕ್ಕೆ ಏನು ಹೆಸರಿಡೋಣ?

ಫೋನ್ ಇಡಲಿಲ್ಲ ಅಕ್ಕ. ಬಾಗಿಲು ಹಾಕಿದ ಸದ್ದು. ಆಮೇಲೆ ಮೆಲ್ಲಗೆ, "ಏನೂ ಹೇಳದೇನೇ ಕೂತಿರಬಹುದಾ ಅಲ್ಲಿ? ನಾನು ಬಂದ್ರೂ?"

ಅವಳು ಹಿಂದಿನ ಸೀಟಿನಲ್ಲಿದ್ದಳು. ಆ ದಿನದ ಬಗ್ಗೆ ಇವತ್ತಿನತನಕ ಒಂದು ಮಾತು ಆಡಿಲ್ಲ.

ಒಂದೇ ಮನೆಯ ಇಬ್ಬರನ್ನು ಒಬ್ಬರೇ ನೋಡುತ್ತಾರೋ, ಅವಳಿಗೆ ಬೇರೆಯವರನ್ನು ಹೇಳುತ್ತಾರೋ ಗೊತ್ತಿಲ್ಲ. ಮುಂದಿನ ಗುರುವಾರ ಕೇಳಬೇಕು. ಭಾವನಿಗೆ ಈಗಲೇ ಹೇಳುವುದಾ ಬೇಡವಾ, ಅದನ್ನೂ. ಅದಕ್ಕಿಂತ ಮೊದಲು ಅಕ್ಕನ ಹತ್ತಿರ ನಾನೇ ಒಂದು ವಿಷಯ ಮಾತಾಡಬೇಕು.